ಇಪ್ಪತ್ತೈದನೇ ಕೊಳವೆ

ಜುಲೈ 3, ಗುರುವಾರ

ಬಾಗಿಲು ತಟ್ಟಲು ಹನ್ನೆರಡು ನಿಮಿಷ ಬೇಕಾಯಿತು. ಕೈ ಎತ್ತುವುದು, ಇಳಿಸುವುದು. "ಮೇ ಐ ಕಮ್ ಇನ್" ಎಂದು ಮನಸ್ಸಿನಲ್ಲೇ ನಾಲ್ಕು ಸಲ ಹೇಳಿ ನೋಡಿದೆ, ನಾಲ್ಕು ಸಲವೂ ಕಳ್ಳಿಯ ದನಿ. ಕೊನೆಗೆ ಬಾಗಿಲು ಒಳಗಿನಿಂದ ತಾನೇ ತೆರೆಯಿತು. ಪ್ರೊಫೆಸರ್ ಮೇಡಂ ಕೈಯಲ್ಲಿ ಫ್ಲಾಸ್ಕು.

"ಬಾಗಿಲ ಸಂದಿಯಲ್ಲಿ ನಿನ್ನ ಚಪ್ಪಲಿ ಕಾಣ್ತಾನೇ ಇತ್ತು. ಎಷ್ಟು ಹೊತ್ತು ನಿಲ್ತೀಯ ನೋಡೋಣ ಅಂತಿದ್ದೆ. ಚಹಾ ಮುಗೀತು, ನಾನೇ ಸೋತೆ. ಬಾ."

ಎಂಎಸ್ಸಿ ಮೊದಲ ವರ್ಷದವರನ್ನು ಒಬ್ಬೊಬ್ಬರಂತೆ ಒಂದೊಂದು ಲ್ಯಾಬಿಗೆ ಹಂಚಿದ್ದಾರೆ. ನನಗೆ ಕಪ್ಪೆ ಬಂತು. ಬೇರೆಯವರು ಅಯ್ಯೋ ಎಂದರು. ನಾನು ಥ್ಯಾಂಕ್ ಗಾಡ್ ಎಂದುಕೊಂಡೆ, ಕಪ್ಪೆಗಳು ಇಂಟರ್ವ್ಯೂ ಮಾಡುವುದಿಲ್ಲ.

ಕೆಲಸ ಇಷ್ಟು. ಈ ಊರಿನಲ್ಲಿ ಒಂದು ಜಾತಿಯ ಪುಟ್ಟ ಕಂದು ಕಪ್ಪೆ ಎರಡೇ ಕಡೆ ಉಳಿದಿದೆ. ಒಂದು ಬಸ್ ಡಿಪೋ ಹಿಂದಿನ ಹಳೆಯ ಕಲ್ಲುಗಣಿಯ ಹೊಂಡ. ಇನ್ನೊಂದು ನಾಲ್ಕು ಕಿಲೋಮೀಟರ್ ಆಚೆಯ ದೊಡ್ಡ ಕೆರೆ. ಡಿಪೋದವರಿಗೆ ಹೊಂಡ ಮುಚ್ಚಿ ಬಸ್ ನಿಲ್ಲಿಸಬೇಕು. ಹೊಂಡದ ಕಪ್ಪೆಯೂ ಕೆರೆಯ ಕಪ್ಪೆಯೂ ಒಂದೇ ವಂಶವಾದರೆ ಹಿಡಿದು ಕೆರೆಗೆ ಬಿಡಬಹುದು, ಹೊಂಡ ಹೋಗುತ್ತದೆ. ಬೇರೆ ವಂಶವಾದರೆ ಹೊಂಡವನ್ನು ಯಾರೂ ಮುಟ್ಟುವಂತಿಲ್ಲ. ಅದನ್ನು ಹೇಳಬೇಕಾದದ್ದು ಕಪ್ಪೆಯ ಎಂಜಲು. ಎಂಜಲಿನಲ್ಲಿ ಇಡೀ ವಂಶಾವಳಿ ಇರುತ್ತದೆ.

ಮೇಡಂ ಆ ಹೊಂಡಕ್ಕೆ ಹನ್ನೊಂದು ವರ್ಷದಿಂದ ಹೋಗುತ್ತಿದ್ದಾರೆ. ಅವರಿಗೆ ಏನು ಉತ್ತರ ಬೇಕು ಎಂದು ಅವರ ಮುಖವೇ ಹೇಳುತ್ತದೆ. ಬಾಯಿ ಮಾತ್ರ ಹೇಳುವುದಿಲ್ಲ.

ಜುಲೈ 8, ಮಂಗಳವಾರ

ಬೆಳಗಿನ ಜಾವ ಹೊಂಡ. ಜೀಪ್ ಓಡಿಸುವವರನ್ನು ಎಲ್ಲರೂ ಮಾಮ ಎನ್ನುತ್ತಾರೆ. ಮೂವತ್ತು ವರ್ಷದ ಸರ್ವಿಸು, ಬಲೆ ಬೀಸುವುದರಲ್ಲಿ ಮೇಡಂಗಿಂತ ಚುರುಕು. ನನ್ನನ್ನು ನೋಡಿದವರೇ, "ಏನಮ್ಮ, ಕಪ್ಪೆ ತಕ್ಕಡಿಗೆ ಹಾಕಿದ ಹಾಗೆ ಅಂತ ಮಾತು ಕೇಳಿದ್ದೀಯಲ್ಲ? ನಿಜವಾಗ್ಲೂ ತೂಗೋ ಜನ ಇಲ್ಲೇ ಇರೋದು" ಎಂದು ತಕ್ಕಡಿಯನ್ನು ನನ್ನ ಕೈಗೇ ಕೊಟ್ಟರು. ಮೊದಲನೆಯದು ತಟ್ಟೆಯಿಂದ ಹಾರಿ ನನ್ನ ಕುರ್ತಾದ ತೋಳಿನೊಳಕ್ಕೆ ಹೋಯಿತು. ನಾನು ಕಿರುಚಿದ್ದು ಡಿಪೋ ಗೇಟಿನವರೆಗೂ ಕೇಳಿಸಿತಂತೆ. ಇನ್ನು ಎರಡು ವರ್ಷ ಇದನ್ನೇ ಹೇಳಿ ನಗುತ್ತಾರೆ. ಐ ನೋ.

ಒಂದು ಕಪ್ಪೆಗೆ ಒಂದು ಜೊತೆ ಗ್ಲೋವ್ಸ್. ಹತ್ತಿ ಸುತ್ತಿದ ಕಡ್ಡಿಯಿಂದ ಬಾಯೊಳಗೆ ಹತ್ತು ಎಣಿಸುವಷ್ಟು ಸವರಬೇಕು. ಪ್ರತಿ ಕಪ್ಪೆಗೂ ಎರಡು ಕಡ್ಡಿ, ಒಂದು ಕೆಲಸಕ್ಕೆ, ಒಂದು ಫ್ರೀಜರಿಗೆ. ಬಾಯಿ ತೆರೆಸಲು ನನಗೆ ಬರಲೇ ಇಲ್ಲ. ಎಂಟಣ್ಣ ತೆರೆಸಿಕೊಟ್ಟರು. ಅವರು ಪಿಎಚ್‌ಡಿಯ ಎಂಟನೇ ವರ್ಷದಲ್ಲಿದ್ದಾರೆ, ಹಾಗಾಗಿ ಆ ಹೆಸರು. ಅವರು ನನ್ನನ್ನು "ಹಾಸ್ಟೆಲ್ಲು" ಎಂದು ಕರೆಯಲು ಶುರು ಮಾಡಿದ್ದಾರೆ. ಒಂಬತ್ತನೇ ವಯಸ್ಸಿನಿಂದ ಹಾಸ್ಟೆಲಿನಲ್ಲಿದ್ದೇನೆ ಎಂದು ನಾನೇ ಹೇಳಬಾರದಿತ್ತು.

ಇಪ್ಪತ್ತನಾಲ್ಕು ಕಪ್ಪೆ. ನನ್ನ ಕೈ ಇನ್ನೂ ವಾಸನೆ ಬರುತ್ತಿದೆಯೋ, ನನಗೇ ಹಾಗೆ ಅನಿಸುತ್ತಿದೆಯೋ. ರೂಮ್‌ಮೇಟನ್ನು ಕೇಳಲು ಧೈರ್ಯವಿಲ್ಲ.

ಜುಲೈ 17, ಗುರುವಾರ

ಇವತ್ತು ಮೊದಲ ಸಲ ಒಬ್ಬಳೇ ಎಂಜಲಿನಿಂದ ಡಿಎನ್‌ಎ ತೆಗೆದೆ. ಮೇಡಂ ಮೀಟಿಂಗಿನಲ್ಲಿ, ಎಂಟಣ್ಣ ಊಟಕ್ಕೆ.

ಕಪ್ಪೆ ಇಪ್ಪತ್ತನಾಲ್ಕು, ಕೊಳವೆ ಇಪ್ಪತ್ತೈದು. ಕೊನೆಯ ಕೊಳವೆಗೆ ಕಡ್ಡಿ ಹಾಕುವಂತಿಲ್ಲ. ಅದಕ್ಕೆ ಬ್ಲಾಂಕ್ ಎನ್ನುತ್ತಾರೆ. ಕಪ್ಪೆ ಇಲ್ಲದಿದ್ದರೂ ಅದಕ್ಕೆ ಎಲ್ಲ ದ್ರಾವಣ ಹಾಕಬೇಕು, ಅದನ್ನೂ ಬಿಸಿ ಮಾಡಬೇಕು, ಯಂತ್ರದಲ್ಲಿ ತಿರುಗಿಸಬೇಕು. ಕೊನೆಗೆ ಅದರಲ್ಲಿ ಏನೂ ಸಿಗಬಾರದು. ಸಿಕ್ಕಿದರೆ ಹೊರಗಿನದೇನೋ ಬೆರೆತಿದೆ ಎಂದರ್ಥ, ಉಳಿದ ಇಪ್ಪತ್ತನಾಲ್ಕನ್ನೂ ನಂಬುವ ಹಾಗಿಲ್ಲ.

ಮರೆತೆ.

ಹದಿನೈದನೇ ಕೊಳವೆಗೆ ಮೊದಲ ದ್ರಾವಣ ಮುಗಿದುಹೋಯಿತು. ಎಂಟಣ್ಣನ ಬಾಟಲಿಯಲ್ಲಿ ಅದೇ ದ್ರಾವಣವಿತ್ತು, ತೆಗೆದುಕೊಂಡೆ, ಆಮೇಲೆ ಕೇಳಿದರಾಯಿತು ಎಂದು. ಆ ಗಡಿಬಿಡಿಯಲ್ಲಿ ಬ್ಲಾಂಕ್ ತಲೆಯಿಂದಲೇ ಹೋಯಿತು. ನಾಲ್ಕು ಗಂಟೆಗೆ ಎಲ್ಲ ಮುಗಿಸಿ ನೋಡುತ್ತೇನೆ, ಸ್ಟ್ಯಾಂಡಿನಲ್ಲಿ ಇಪ್ಪತ್ತೈದನೇ ತೂತು ಬರಿದು. ಕಾರಿಡಾರಿನಲ್ಲಿ ಮೇಡಂ ಹೆಜ್ಜೆ ಕೇಳಿಸುತ್ತಿತ್ತು.

ಹಾಸ್ಟೆಲಿನಲ್ಲಿ ಹಾಜರಿ ಪುಸ್ತಕದ ಒಂದು ಚೌಕ ಖಾಲಿಯಿದ್ದರೆ ಇಡೀ ಕೋಣೆಗೆ ಶಿಕ್ಷೆ. ಅದಕ್ಕೇ ಯಾರಿಲ್ಲದಿದ್ದರೂ ಒಬ್ಬರು ಗೀಟು ಹಾಕಿಬಿಡುತ್ತಿದ್ದೆವು. ಕೈಗೆ ಅಭ್ಯಾಸ. ಒಂದು ಕೊಳವೆಗೆ ಶುದ್ಧ ನೀರು ಹಾಕಿ, ಮುಚ್ಚಿ, 25 ಎಂದು ಬರೆದು ಇಟ್ಟೆ. ಮೂರು ಸೆಕೆಂಡು.

ಬರಿ ನೀರು ತಾನೆ. ಯಾರಿಗೆ ಏನಾಗುತ್ತದೆ.

ಜುಲೈ 18, ಶುಕ್ರವಾರ

ಯಾರೂ ಏನೂ ಕೇಳಲಿಲ್ಲ. ಎಲ್ಲ ಚೆನ್ನಾಗಿದೆ. ಊಟ ಸೇರಲಿಲ್ಲ, ಬಹುಶಃ ಬಿಸಿಲಿಗೆ.

ಜುಲೈ 29, ಮಂಗಳವಾರ

ರಿಸಲ್ಟ್ ಬಂತು. ಮೇಡಂ ಪರದೆಯ ಮುಂದೆ ಕುಳಿತು ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದರು. ಆಮೇಲೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು.

ಹೊಂಡದ ಇಪ್ಪತ್ತನಾಲ್ಕರಲ್ಲಿ ಒಂಬತ್ತು ಕಪ್ಪೆಗಳಲ್ಲಿ ಒಂದು ಬೇರೆ ಗುರುತು ಇದೆ. ಮೇಡಂ ಹೋದ ವರ್ಷವೇ ಪರೀಕ್ಷೆ ಮಾಡಿಟ್ಟ ಕೆರೆಯ ಕಪ್ಪೆಗಳಲ್ಲಿ ಒಂದರಲ್ಲೂ ಅದಿಲ್ಲ. ಅಂದರೆ ಹೊಂಡದ ಕಪ್ಪೆಗಳು ಬೇರೆಯೇ ಕವಲು. ಎಂದೋ ಬೇರೆಯಾಗಿ ತಮ್ಮಷ್ಟಕ್ಕೆ ಬದುಕಿದವು.

"ಬ್ಲಾಂಕ್ ಕ್ಲೀನಾ?" ಎಂದು ಕೇಳಿದರು. ನನ್ನ ಕಡೆಗೇ ತಿರುಗಿ.

"ಹೌದು ಮೇಡಂ, ಏನೂ ಬಂದಿಲ್ಲ."

ಸುಳ್ಳಲ್ಲ. ನಿಜವಾಗಿಯೂ ಏನೂ ಬಂದಿಲ್ಲ.

ಮೇಡಂ ಎಲ್ಲರಿಗೂ ಚಹಾ ತರಿಸಿದರು. ಜೀಪ್ ಮಾಮನನ್ನು ಕರೆದು, "ಹೊಂಡ ಉಳೀತು ಕಣಯ್ಯ" ಎಂದರು. ಮಾಮ ಲೋಟ ಹಿಡಿದು ಕಿಟಕಿಯ ಹತ್ತಿರ ಹೋಗಿ ನಿಂತುಬಿಟ್ಟರು. ನಗರಸಭೆಯ ಅಹವಾಲು ಸಭೆ ಆಗಸ್ಟ್ 21ಕ್ಕೆ. ಮೇಡಂ ಅಲ್ಲಿ ಮಾತಾಡುತ್ತಾರೆ. ವರದಿಯಲ್ಲಿ ನನ್ನ ಹೆಸರನ್ನೂ ಹಾಕುತ್ತಾರಂತೆ.

ಅಮ್ಮನಿಗೆ ಫೋನ್ ಮಾಡಿ ಹೇಳಬೇಕು. ನಾಳೆ ಹೇಳುತ್ತೇನೆ.

ಆಗಸ್ಟ್ 2, ಶನಿವಾರ

ಎಂಟಣ್ಣ ಬೆಟ್ಟದ ಕಪ್ಪೆಗಳ ಮೇಲೆ ಕೆಲಸ ಮಾಡುತ್ತಾರೆ. ಇಲ್ಲಿಂದ ಒಂದು ದಿನದ ದಾರಿ, ನಮ್ಮ ಕಪ್ಪೆಗೆ ಸೋದರ ಜಾತಿ. ಅವರ ರಿಸಲ್ಟ್ ಇವತ್ತು ಬಂತು. "ಬಾ ಹಾಸ್ಟೆಲ್ಲು, ನನ್ನ ಮಕ್ಕಳನ್ನ ನೋಡು" ಎಂದು ಕರೆದರು. ನೋಡಿದೆ.

ಅದೇ ಗುರುತು. ನಮ್ಮ ಒಂಬತ್ತರಲ್ಲಿದ್ದದ್ದು. ಅವರ ಬೆಟ್ಟದ ಕಪ್ಪೆಗಳಲ್ಲಿ ಎಲ್ಲದರಲ್ಲೂ.

"ಏನಿದು, ಹೊಂಡದ್ದಕ್ಕೂ ನನ್ನ ಬೆಟ್ಟದ್ದಕ್ಕೂ ಏನೋ ಹಳೇ ಸಂಬಂಧ ಇದ್ದ ಹಾಗಿದೆ. ಬೀಗರು!" ಎಂದು ನಕ್ಕರು.

ನಾನು ರೂಮಿಗೆ ಬಂದು ನನ್ನ ಪಟ್ಟಿ ತೆಗೆದೆ. ಮೇಡಂ ಕೋಷ್ಟಕದಲ್ಲಿ ಕಪ್ಪೆಗಳು ಉದ್ದದ ಪ್ರಕಾರ ಇವೆ, ಆ ಒಂಬತ್ತು ಅಲ್ಲೊಂದು ಇಲ್ಲೊಂದು ಚದುರಿವೆ. ನನ್ನ ಪಟ್ಟಿಯಲ್ಲಿ ಕೊಳವೆಯ ಕ್ರಮ. ಹದಿನಾರು, ಹದಿನೇಳು, ಹದಿನೆಂಟು. ಇಪ್ಪತ್ತನಾಲ್ಕರವರೆಗೆ. ಸಾಲಾಗಿ. ಎಂಟಣ್ಣನ ಬಾಟಲಿ ಶುರುವಾದಲ್ಲಿಂದ ಕೊನೆಯವರೆಗೆ.

ಅವರ ಬಾಟಲಿಯೊಳಗೆ ಬೆಟ್ಟದ ಕಪ್ಪೆ ಇತ್ತು. ಬ್ಲಾಂಕ್ ಇಟ್ಟಿದ್ದರೆ ಅದು ಅವತ್ತೇ ಕೂಗಿ ಹೇಳುತ್ತಿತ್ತು.

ಆಗಸ್ಟ್ 3, ಭಾನುವಾರ

ಅಮ್ಮನೇ ಫೋನ್ ಮಾಡಿದಳು. ಅವಳು ಮಕ್ಕಳ ವಾರ್ಡಿನ ನರ್ಸು, ಮಾತಾಡುವುದೂ ಥರ್ಮಾಮೀಟರ್ ಇಟ್ಟ ಹಾಗೆ.

"ದನಿ ಯಾಕೆ ಹಾಗಿದೆ?"

"ಏನಿಲ್ಲ, ಕೋಲ್ಡ್."

"ಕೋಲ್ಡ್ ದನಿ ನನಗೆ ಗೊತ್ತು. ಇದು ಅದಲ್ಲ."

ಒಂದು ಔಷಧಿ ತಪ್ಪು ಕೊಟ್ಟಿದ್ದು ಆಮೇಲೆ ಗೊತ್ತಾದರೆ ನೀವು ಏನು ಮಾಡುತ್ತೀರಿ ಎಂದು ಕೇಳಿದೆ, ಸುಮ್ಮನೆ ಕೇಳಿದ ಹಾಗೆ. "ಓಡ್ತೀವಿ" ಎಂದಳು. "ಎಲ್ಲಿಗೆ?" "ಡಾಕ್ಟರ್ ಹತ್ರ, ಇನ್ನೆಲ್ಲಿಗೆ? ನೀನು ಯಾವ ಕಡೆ ಓಡ್ತಿದೀಯ?"

ನೆಟ್‌ವರ್ಕ್ ಸರಿಯಿಲ್ಲ ಎಂದು ಇಟ್ಟುಬಿಟ್ಟೆ.

ಲೆಕ್ಕ ಹಾಕಿದೆ. ಹೇಳದಿದ್ದರೆ ಹೊಂಡ ಉಳಿಯುತ್ತದೆ, ಮೇಡಂ ಸಂತೋಷವಾಗಿರುತ್ತಾರೆ, ಕಪ್ಪೆಗಳಿಗೂ ಒಳ್ಳೆಯದು. ಹೇಳಿದರೆ ಬಸ್ಸುಗಳಿಗೆ ಒಳ್ಳೆಯದು. ಹಾಗಿದ್ದ ಮೇಲೆ ಹೇಳದಿರುವುದೇ ಧರ್ಮ ಅಲ್ಲವೇ? ಇಷ್ಟು ಚೆನ್ನಾದ ವಾದ ನನಗೆ ಡಿಬೇಟಿನಲ್ಲೂ ಹೊಳೆದಿರಲಿಲ್ಲ. ಅದಕ್ಕೇ ಭಯವಾಗುತ್ತಿದೆ.

ಆಗಸ್ಟ್ 6, ಬುಧವಾರ

ಹೇಳಲು ಹೋದೆ. ಮೇಡಂ ಸಭೆಯ ಭಾಷಣವನ್ನು ಕಪಾಟಿನ ಗಾಜಿನ ಮುಂದೆ ನಿಂತು ಗಟ್ಟಿಯಾಗಿ ಓದುತ್ತಿದ್ದರು. ಗಾಜಿನಲ್ಲಿ ನನ್ನನ್ನು ನೋಡಿ, "ಕೂತ್ಕೋ, ನೀನೇ ನಗರಸಭೆ. ಆಕಳಿಸು, ಅಭ್ಯಾಸ ಆಗಲಿ" ಎಂದರು. ನಾನು ಕೂತೆ. ಆಕಳಿಸಿದೆ ಕೂಡ. ಹೊರಗೆ ಬಂದು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಆಗಸ್ಟ್ 7, ಗುರುವಾರ

ಇಲ್ಲ.

ಆಗಸ್ಟ್ 8, ಶುಕ್ರವಾರ

ಹೇಳಿದೆ.

ಇಂಗ್ಲಿಷಿನಲ್ಲಿ ಬರೆದುಕೊಂಡು ಹೋಗಿದ್ದೆ. ಐ ರಿಗ್ರೆಟ್ ಟು ಇನ್‌ಫಾರ್ಮ್ ಯೂ ಎಂದು ಶುರು. ಕಾಗದ ಬಿಡಿಸಿದ ಮೇಲೆ ಓದಲಾಗಲಿಲ್ಲ. "ಮೇಡಂ, ಅವತ್ತು ಬ್ಲಾಂಕ್ ಇಡೋದು ಮರೆತೆ. ಕೊನೆಗೆ ನೀರು ಹಾಕಿಟ್ಟೆ" ಎಂದೆ. ಅಷ್ಟೇ ಇತ್ತು. ಮೂರು ವಾರ ಹೊತ್ತದ್ದು ಹತ್ತು ಪದ ಕೂಡ ಆಗಲಿಲ್ಲ.

ಅವರು ಬಯ್ಯಲಿಲ್ಲ. ಬೈದಿದ್ದರೆ ನನಗೆ ಗೊತ್ತಿತ್ತು, ಬೈಗುಳವನ್ನು ಹೇಗೆ ನಿಂತು ತೆಗೆದುಕೊಳ್ಳಬೇಕು ಎಂದು. ಅವರು ಪೆನ್ನಿನ ಕ್ಯಾಪ್ ಹಾಕಿದರು.

"ಆ ಗುರುತು ಇರೋದು ಯಾವ ಕೊಳವೆಯಿಂದ?"

"ಹದಿನಾರು."

"ಕೊನೇವರೆಗೂ?"

"ಹೌದು. ಎಂಟಣ್ಣನ ಬಾಟಲಿ. ನಾನು ಕೇಳದೇ ತಗೊಂಡೆ."

ಕಿಟಕಿಯ ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಮೇಡಂ ಎದ್ದು ಕಿಟಕಿ ಮುಚ್ಚಿದರು. ಆಮೇಲೆ, "ನಾನು ನಿನ್ನ ಕೇಳಿದ್ದೆ" ಎಂದರು.

"ಹೌದು ಮೇಡಂ."

"ಕೇಳಿದಾಗ ನಿನ್ನ ಮುಖ ನೋಡಬೇಕಿತ್ತು. ನಾನು ಪರದೆ ನೋಡ್ತಿದ್ದೆ. ನನಗೆ ಬೇಕಾದ್ದು ಅಲ್ಲಿತ್ತಲ್ಲ."

ಅವರು ನನ್ನ ಕಡೆಗೇ ತಿರುಗಿ ಕೇಳಿದ್ದರು. ನನಗೆ ಚೆನ್ನಾಗಿ ನೆನಪಿದೆ. ಹೇಳಲಿಲ್ಲ.

ಲ್ಯಾಬ್ ಪುಸ್ತಕ ತರಿಸಿದರು. "ಹಿಂದಿನದನ್ನ ಹೊಡೆದು ಹಾಕಬೇಡ. ಹಾಗೇ ಇರಲಿ. ಕೆಳಗೆ ಇವತ್ತಿನ ತಾರೀಕು ಹಾಕಿ ಏನು ಮಾಡಿದೆ ಬರಿ. ಯಾಕೆ ಮಾಡಿದೆ ಅಂತ ಬೇಡ. ಏನು ಅಂತ ಮಾತ್ರ."

ಬರೆದೆ. ಐದು ಸಾಲು. ಅವರು ಪಕ್ಕದಲ್ಲಿ ಸಹಿ ಮಾಡಿದರು. ಕೈ ತೋರಿಸಿ ಹೋಗು ಎಂದರು. ಬಾಗಿಲಲ್ಲಿ ತಿರುಗಿ ನೋಡಿದಾಗ ಭಾಷಣದ ಹಾಳೆಗಳನ್ನು ಮೇಜಿಗೆ ಕುಟ್ಟಿ ಅಂಚು ಸರಿಮಾಡುತ್ತಿದ್ದರು. ಮತ್ತೆ ಮತ್ತೆ.

ಆಗಸ್ಟ್ 11, ಸೋಮವಾರ

ಫ್ರೀಜರಿನ ಎರಡನೇ ಕಡ್ಡಿಗಳನ್ನು ತೆಗೆದು ಎಲ್ಲವನ್ನೂ ಮೊದಲಿನಿಂದ ಮಾಡಿದೆವು. ಇಪ್ಪತ್ತನಾಲ್ಕು ಕೊಳವೆ ಎಂಟಣ್ಣನಿಗೆ. ನನಗೆ ಒಂದೇ. "ಬ್ಲಾಂಕ್ ನಿನ್ನದು" ಎಂದರು ಮೇಡಂ. ಸ್ಟೂಲ್ ಹಾಕಿಕೊಂಡು ಸಂಜೆಯವರೆಗೆ ಪಕ್ಕದಲ್ಲೇ ಕೂತಿದ್ದರು.

ಏನೂ ಇಲ್ಲದ ಒಂದು ಕೊಳವೆಗೆ ಆರು ಗಂಟೆ ಕೆಲಸ ಮಾಡಿದೆ. ಪಿಪೆಟ್ಟಿಗೆ ಹೊಸ ತುದಿ, ಹೊಸ ಗ್ಲೋವ್ಸ್, ಇಪ್ಪತ್ತು ಮೈಕ್ರೋಲೀಟರ್, ಐವತ್ತಾರು ಡಿಗ್ರಿ. ಮಧ್ಯಾಹ್ನದ ಹೊತ್ತಿಗೆ ಅದು ಖಾಲಿ ಎಂಬುದೇ ಮರೆತುಹೋಗಿತ್ತು.

ಎಂಟಣ್ಣ ತಮ್ಮ ಬಾಟಲಿಯನ್ನು ಕಸಕ್ಕೆ ಹಾಕಿದರು. ಒಮ್ಮೆ ಬಳಸಿದ ತುದಿಯನ್ನೇ ಮತ್ತೆ ಅದ್ದಿರಬೇಕು ಎಂದು ಅವರೇ ಒಪ್ಪಿಕೊಂಡರು. ಅವರ ಎರಡು ತಿಂಗಳ ಕೆಲಸವೂ ಹೋಯಿತು. ಕ್ಷಮೆ ಕೇಳಲು ಹೋದೆ. "ಬಾಟಲಿ ನನ್ನದು, ಕೊಳಕೂ ನನ್ನದೇ. ನೀನು ಕದ್ದದ್ದಕ್ಕೆ ಗೊತ್ತಾಯ್ತು. ಒಂಬತ್ತಣ್ಣ ಆಗ್ತೀನಿ, ಅಷ್ಟೇ ತಾನೆ" ಎಂದರು. ನಗಲಿಲ್ಲ ಮಾತ್ರ. ಹಾಸ್ಟೆಲ್ಲು ಅಂತಲೂ ಕರೆಯಲಿಲ್ಲ.

ಆಗಸ್ಟ್ 18, ಸೋಮವಾರ

ಬ್ಲಾಂಕಿನಲ್ಲಿ ಏನೂ ಇಲ್ಲ.

ಹದಿನಾರರಿಂದ ಇಪ್ಪತ್ತನಾಲ್ಕರವರೆಗೆ ಆ ಗುರುತೂ ಇಲ್ಲ. ಒಂದರಲ್ಲೂ ಇಲ್ಲ. ಹೊಂಡದ ಕಪ್ಪೆ, ಕೆರೆಯ ಕಪ್ಪೆ, ಒಂದೇ ವಂಶ.

ಒಂದಾದರೂ ಇರಲಿ ಎಂದುಕೊಂಡಿದ್ದೆ. ಮೇಡಂ ಪಟ್ಟಿಯನ್ನು ಎರಡು ಸಲ ಓದಿ, "ಸರಿ, ಇದು ಉತ್ತರ" ಎಂದರು.

ಜೀಪ್ ಮಾಮ ಬಾಗಿಲಲ್ಲೇ ನಿಂತಿದ್ದರು. "ಮೇಡಂ, ಒಂದು ಮಾತು ಕೇಳ್ಲಾ? ಮೊದಲನೇ ರಿಸಲ್ಟೇ ಹೇಳಿದ್ರೆ ಹೊಂಡ ಉಳೀತಿತ್ತಲ್ಲ?"

"ಉಳೀತಿತ್ತು."

"ಮತ್ತೆ?"

"ನಾಳೆ ಇನ್ಯಾರೋ ಬಂದು ಪರೀಕ್ಷೆ ಮಾಡ್ತಾರೆ ಕಣಯ್ಯ. ಆಮೇಲೆ ನಾನು ಯಾವ ಕಪ್ಪೆ ಪರವಾಗಿ ಬಾಯಿ ತೆಗೆದ್ರೂ, ಆ ಸುಳ್ಳಿ ಬಂದ್ಲು ಅಂತಾರೆ."

"ಅನ್ನಲಿ ಬಿಡಿ. ಹೊಂಡ ಇರ್ತಿತ್ತು."

ಮೇಡಂ ಪಟ್ಟಿಯನ್ನು ಮಡಚಿ ಫೈಲಿಗೆ ಸೇರಿಸಿದರು. ಮಾಮ ನನ್ನನ್ನೂ ನೋಡಲಿಲ್ಲ, ಚಪ್ಪಲಿ ಮೆಟ್ಟಿಕೊಂಡು ಹೋದರು. ಅವರು ಹೇಳಿದ್ದು ತಪ್ಪು ಎಂದು ನನಗೆ ಇನ್ನೂ ಅನಿಸುತ್ತಿಲ್ಲ. ಮೇಡಂ ಹೇಳಿದ್ದೂ.

ಆಗಸ್ಟ್ 21, ಗುರುವಾರ

ಸಭೆ. ಉದ್ದನೆಯ ಕೋಣೆ, ಮೇಲೆ ಎರಡು ಫ್ಯಾನು, ಒಂದು ಮಾತ್ರ ತಿರುಗುತ್ತಿತ್ತು. ನಾನು ಹಿಂದಿನ ಸಾಲು. ಮೇಡಂ ಮೊದಲ ರಿಸಲ್ಟ್ ಹೇಗೆ ತಪ್ಪಾಯಿತು ಎಂಬುದನ್ನೂ ಹೇಳಿದರು. "ನಮ್ಮ ಲ್ಯಾಬಿನಲ್ಲಿ ತಪ್ಪಾಯಿತು" ಎಂದರು. ನನ್ನ ಹೆಸರು ಬರುತ್ತದೆ ಎಂದು ಕಾದೆ, ಬರಲಿಲ್ಲ. ಆಮೇಲೆ ಎರಡನೇ ರಿಸಲ್ಟ್ ಓದಿದರು.

ಅಧ್ಯಕ್ಷರಿಗೆ ಅವಸರ. "ಹಾಗಾದ್ರೆ ಹೊಂಡ ಮುಚ್ಚೋಕೆ ತೊಂದರೆ ಇಲ್ಲ ಅಂತಾಯ್ತಲ್ಲ?"

"ತೊಂದರೆ ಇಲ್ಲ ಅಂತ ನಾನು ಹೇಳಿಲ್ಲ. ಬೇರೆ ವಂಶ ಅಲ್ಲ ಅಂದೆ. ಅವು ಅಲ್ಲೇ ಇವೆ. ಗೊದಮೊಟ್ಟೆಗಳಿಗೆ ಈಗ ಕಾಲು ಮೂಡ್ತಿದೆ. ನನಗೆ ಅರವತ್ತು ದಿನ ಕೊಡಿ, ಸಾಗಿಸ್ತೀವಿ."

ಡಿಪೋ ಮ್ಯಾನೇಜರ್ ಹತ್ತು ಎಂದರು. ಯಾರೋ, "ಕಪ್ಪೆಗಳಿಗೆ ಬಸ್ ಪಾಸ್ ಮಾಡಿಸಿಕೊಡಿ ಸಾರ್" ಎಂದರು, ಕೋಣೆಯೆಲ್ಲ ನಕ್ಕಿತು. ನಲವತ್ತಕ್ಕೆ ನಿಂತಿತು. ಸೆಪ್ಟೆಂಬರ್ 30.

ಸೆಪ್ಟೆಂಬರ್ 5, ಶುಕ್ರವಾರ

ಬೆಳಿಗ್ಗೆ ಐದೂವರೆಯಿಂದ ಒಂಬತ್ತು. ದೊಡ್ಡವು 31, ಮರಿಗಳು 58. ಎಲ್ಲದರ ಚರ್ಮವನ್ನೂ ಬಾಯನ್ನೂ ಸವರಿ ರೋಗವಿಲ್ಲ ಎಂದು ಖಾತ್ರಿಯಾದ ಮೇಲೆಯೇ ಕೆರೆಗೆ. ಹೊಂಡದ ಪೂರ್ವದ ಗೋಡೆಯ ಬಿರುಕಿನಲ್ಲಿ ಹೆಚ್ಚು ಸಿಗುತ್ತವೆ, ಬಿಸಿಲು ತಾಗುವ ಮೊದಲು. ಹಿಡಿದಾಗ ಮೊದಲು ಎಡಗಾಲು ಒದೆಯುತ್ತವೆ. ಬಾಯಿ ತೆರೆಸುವಾಗ ಮೂಗಿನ ಮೇಲೆ ಒತ್ತಬಾರದು, ದವಡೆಯ ಮೂಲೆಯಲ್ಲಿ ಕಡ್ಡಿ ಇಟ್ಟು ಕಾದರೆ ತಾವೇ ತೆರೆಯುತ್ತವೆ.

ಮಾಮ ಇನ್ನೂ ನನ್ನ ಜೊತೆ ಮಾತಾಡುತ್ತಿಲ್ಲ. ಬಲೆ ಮಾತ್ರ ನನ್ನ ಕೈಗೇ ಕೊಡುತ್ತಾರೆ.

ಸೆಪ್ಟೆಂಬರ್ 17, ಬುಧವಾರ

ಇಲ್ಲಿಯವರೆಗೆ 406. ಒಂದು ಬಕೆಟ್ಟಿನಲ್ಲಿ ಹನ್ನೆರಡು ಸತ್ತವು. ಜೀಪಿನಲ್ಲಿ ಬಿಸಿಲ ಕಡೆಗೆ ಇಟ್ಟವಳು ನಾನು. ಪುಸ್ತಕದಲ್ಲಿ ಬರೆದೆ, ಮೇಡಂಗೆ ತೋರಿಸಿದೆ. ನಾಳೆಯಿಂದ ಒದ್ದೆ ಗೋಣಿ ಹೊದಿಸುತ್ತೇವೆ.

ಮಾಮ ಇವತ್ತು ಒಂದು ಗೋಣಿ ತಂದು ನೀರಿನಲ್ಲಿ ಅದ್ದಿಟ್ಟರು. "ಒಳಗೂ ತೊಳೆದು ತಂದಿದೀನಿ, ಸೋಪು ಹಾಕಿಲ್ಲ" ಎಂದರು.

ಅಮ್ಮ ಫೋನ್ ಮಾಡಿದ್ದಳು. ಕೆಲಸದಲ್ಲಿದ್ದೆ. ವಾಪಸ್ ಮಾಡಿ ಎಲ್ಲವನ್ನೂ ಹೇಳಿದೆ, ಜುಲೈಯಿಂದ. ಕೇಳಿಕೊಂಡು, "ಈಗ ಊಟ ಮಾಡ್ತಿದೀಯಾ?" ಎಂದಳು.

ಸೆಪ್ಟೆಂಬರ್ 30, ಮಂಗಳವಾರ

ಕೊನೆಯ ದಿನ. ಮೋಡ, ಗಾಳಿ ಇಲ್ಲ. ಐದು ಗಂಟೆಗೆ ಶುರು ಮಾಡಿದೆವು. ಏಳೂವರೆಗೆ ಟಿಪ್ಪರ್ ಲಾರಿಗಳು ಬಂದವು. ನಾಲ್ಕು, ಮಣ್ಣು ತುಂಬಿಕೊಂಡು. ಗಡುವು ಇವತ್ತೇ, ಅವರ ತಪ್ಪೇನಿಲ್ಲ. ಪೂರ್ವದ ಬಿರುಕಿನಲ್ಲಿ ಇನ್ನೂ ಕೂಗುತ್ತಿದ್ದವು. ಮೇಡಂ ಸೊಂಟದವರೆಗೆ ನೀರಿನಲ್ಲಿದ್ದರು, ಮಾಮ ಆಚೆ ದಡದಲ್ಲಿ.

ಮೊದಲ ಲಾರಿಯವರ ಹತ್ತಿರ ಹೋಗಿ ಒಂದು ಗಂಟೆ ಬೇಕು ಎಂದೆ.

"ಯಾಕೆ?"

"ಒಳಗೆ ಇನ್ನೂ ಇವೆ."

"ಏನು?"

"ಕಪ್ಪೆ."

ಅವರು ನನ್ನ ಕೆಸರಾದ ಬಟ್ಟೆ ನೋಡಿದರು, ಬಕೆಟ್ ನೋಡಿದರು. "ನಮ್ಮ ಮೇಸ್ತ್ರಿ ಬರೋದು ಎಂಟೂವರೆಗೆ. ಅಲ್ಲೀವರೆಗೆ ನನಗೆ ಕಿವಿ ಕೇಳಲ್ಲ" ಎಂದು ಎಂಜಿನ್ ಆರಿಸಿದರು. ಹಿಂದಿನ ಮೂವರಿಗೂ ಕೂಗಿ ಹೇಳಿದರು. ಎಂಜಿನ್ ನಿಂತ ಮೇಲೆ ಕೂಗು ಇನ್ನೂ ಸ್ಪಷ್ಟವಾಗಿ ಕೇಳಿಸಿತು, ಎಲ್ಲಿಂದ ಎಂದು ಹುಡುಕುವುದು ಸುಲಭವಾಯಿತು.

ಆ ಒಂದು ಗಂಟೆಯಲ್ಲಿ ಇಪ್ಪತ್ತೆರಡು. ಒಟ್ಟು ಸಾಗಿಸಿದ್ದು 641. ಸತ್ತದ್ದು 19.

ಮೇಡಂ ದಡಕ್ಕೆ ಬಂದು ಬೂಟಿನ ನೀರು ಸುರಿದರು. "ಉಳಿದದ್ದೆಷ್ಟು?"

"ಗೊತ್ತಿಲ್ಲ ಮೇಡಂ. ಬಿರುಕಿನ ಆಳಕ್ಕೆ ಕೈ ಹೋಗಲಿಲ್ಲ. ಮೂರು ಕಡೆಯಿಂದ ಕೂಗು ಇತ್ತು."

"ಹಾಗೇ ಬರಿ."

ಬರೆದೆ. ಅವರು ಸಹಿ ಮಾಡಿದರು. ಮಾಮ ಬಕೆಟ್ಟುಗಳನ್ನು ಜೀಪಿಗೆ ಏರಿಸಿ ಗೋಣಿ ಹೊದಿಸಿದರು.

ಎಂಟೂವರೆಯಾಯಿತು. ಮೇಸ್ತ್ರಿಯೂ ಬಂದ. ಆದರೂ ಲಾರಿ ಹೊರಡಲಿಲ್ಲ. ಯಾಕೆ ಎಂದು ತಿರುಗಿ ನೋಡಿದೆ. ಲಾರಿಯವರು ಕಿಟಕಿಯಿಂದ ತಲೆ ಹೊರಗೆ ಹಾಕಿ ನನ್ನನ್ನೇ ನೋಡುತ್ತಿದ್ದರು. ಒಂದು ಗಂಟೆ ಬೇಕು ಎಂದವಳು ನಾನು. ಮುಗಿಯಿತು ಎಂದು ಹೇಳಬೇಕಾದವಳೂ ನಾನೇ.

ಬಿರುಕಿನಲ್ಲಿ ಒಂದು ಕೂಗುತ್ತಿತ್ತು. ಅದು ನಿಲ್ಲಲಿ ಎಂದು ಸ್ವಲ್ಪ ಹೊತ್ತು ಕಾದೆ. ನಿಲ್ಲಲಿಲ್ಲ.

ಕೈ ಎತ್ತಿ ತೋರಿಸಿದೆ.